ಪಾದ್ರಿ ಚಾರ್ಲ್ಸ್ ಮೀಡ್ ಮತ್ತು ದಾಸ್ಯವಿಮೋಚನೆ: ಒಂದು ಪುನರ್ವಿಮರ್ಶೆ

ಲಂಡನ್ ಮಿಷನರಿ ಸೊಸೈಟಿಯ ಹೆಸರು ಕನ್ನಡ ವಿದ್ವಾಂಸರಿಗೆ ಅಪರಿಚಿತವಾದುದಲ್ಲ. ೧೮೧೦ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್, ೧೮೩೨ರಲ್ಲಿ ಇದೇ ಮದರಾಸಿನಲ್ಲಿ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟನ್ನು ಅಚ್ಚು ಹಾಕಿಸಿದ ವಿಲಿಯಂ ರೀವ್, ಬೆಂಗಳೂರಿನಲ್ಲಿ ಅರ್ಧ ಶತಮಾನ ದುಡಿದ ಬೆಂಜಮಿನ್ ರೈಸ್, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ - ಇವರೆಲ್ಲರೂ ಆ ಸಂಸ್ಥೆಗೆ ಸೇರಿದವರೇ. ನಾವು ಇವರನ್ನು ಕೃತಜ್ಞತೆಯಿಂದ ಸ್ಮರಿಸುವುದು ಭಾಷಾಸೇವಕರೆಂದು. ಆದರೆ ಅದೇ ಸಂಸ್ಥೆ, ಅದೇ ದಶಕಗಳಲ್ಲಿ, ತಿರುವಾಂಕೂರಿನ ದಕ್ಷಿಣ ತುದಿಗೆ ಕಳುಹಿಸಿದ ಪಾದ್ರಿಗಳ ಕೀರ್ತಿ ನಿಘಂಟಿನಿಂದ ಬಂದುದಲ್ಲ. ಅವರ ಹೆಸರು ದಾಸ್ಯವಿಮೋಚನೆಯ ಚರಿತ್ರೆಯಲ್ಲಿ ಸೇರಿಹೋಗಿದೆ. ಅವರಲ್ಲಿ ಹಿರಿಯರಾದ ಚಾರ್ಲ್ಸ್ ಮೀಡರ (೧೭೯೨–೧೮೭೩) ಜೀವಿತವನ್ನು ಪರಿಶೀಲಿಸಿ, ಅದರಿಂದ ಕನ್ನಡಿಗರು ತಮ್ಮ ಚರಿತ್ರೆಗೆ ಯಾವ ಪ್ರಶ್ನೆಯನ್ನು ಹಾಕಿಕೊಳ್ಳಬೇಕಾಗಿದೆ ಎಂಬುದನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಮೊದಲು ಈ ಪಾದ್ರಿಗಳ ಪಂಥದ ವಿಷಯವಾಗಿ ಎರಡು ಮಾತು ಅವಶ್ಯ. ೧೭೯೫ರಲ್ಲಿ ಸ್ಥಾಪಿತವಾದ ಲಂಡನ್ ಮಿಷನರಿ ಸೊಸೈಟಿ ಎಲ್ಲ ಪಂಥಗಳಿಗೂ ತೆರೆದಿದ್ದರೂ, ಕಾಲಕ್ರಮದಲ್ಲಿ ಅದು ಬಹುಮಟ್ಟಿಗೆ ಕಾಂಗ್ರಿಗೇಷನಲ್ ಪಂಥೀಯರ ಸಂಸ್ಥೆಯಾಯಿತು. ಬಿಷಪ್ಪನೂ ಇಲ್ಲ, ರಾಜಾಶ್ರಯವೂ ಇಲ್ಲ. ಪ್ರತಿಯೊಂದು ಸಭೆಯೂ ತನ್ನ ಆಡಳಿತವನ್ನು ತಾನೇ ನಡೆಸಿಕೊಂಡು, ತನ್ನ ಪಾದ್ರಿಯನ್ನು ತಾನೇ ಆರಿಸಿಕೊಳ್ಳುವುದು ಈ ಪಂಥದ ಮೂಲಸೂತ್ರ. ಸಭೆಯ ಸದಸ್ಯರೆಲ್ಲರೂ ಸಮಾನರೆಂಬ ಈ ಸೂತ್ರದಲ್ಲಿ ದಾಸ್ಯಕ್ಕೆ ವಿರುದ್ಧವಾದ ಬೀಜ ಅಡಗಿದೆ. ಅಂತೆಯೇ ಅದರಲ್ಲೊಂದು ಅಪಾಯವೂ ಇದೆ. ಪಾದ್ರಿಗೆ ಅನ್ನವಿಕ್ಕುವವರು ಸಭೆಯ ಸದಸ್ಯರು. ಅವರೇ ದಾಸರ ಒಡೆಯರಾಗಿದ್ದರೆ ಪಾದ್ರಿಯ ನಾಲಗೆ ಕಟ್ಟಿಹೋಗುವುದು ಸಹಜ.

ಈ ಕಟ್ಟನ್ನು ಮುರಿದವರಲ್ಲಿ ಅಮೆರಿಕದ ಸ್ಯಾಮ್ಯುಯಲ್ ಹಾಪ್ಕಿನ್ಸರು (೧೭೨೧–೧೮೦೩) ಪ್ರಸಿದ್ಧರು. ೧೭೭೦ರಲ್ಲಿ ಅವರು ಪಾದ್ರಿಯಾಗಿ ಬಂದ ನ್ಯೂಪೋರ್ಟ್ ಬಂದರು ಆಫ್ರಿಕದ ದಾಸವ್ಯಾಪಾರದ ಕೇಂದ್ರವಾಗಿತ್ತು. ಊರಿನ ಸಂಪತ್ತೆಲ್ಲ ಅದಕ್ಕೆ ಹೆಣೆದುಕೊಂಡಿತ್ತು. ಸ್ವತಃ ಒಮ್ಮೆ ದಾಸನೊಬ್ಬನ ಒಡೆಯರಾಗಿದ್ದ ಹಾಪ್ಕಿನ್ಸರು ಅಂಥ ಊರಿನ ವೇದಿಕೆಯ ಮೇಲೆ ನಿಂತು ದಾಸ್ಯವನ್ನು ಪಾಪವೆಂದು ಸಾರಿದರು. ೧೭೭೬ರಲ್ಲಿ ಅದೇ ವಿಷಯವಾಗಿ ಒಂದು ಸಂವಾದಗ್ರಂಥವನ್ನು ಬರೆದು, ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ವಸಾಹತುಗಳ ಮಹಾಸಭೆಗೆ ಅರ್ಪಿಸಿದರು. ಲಂಡನ್ ಸೊಸೈಟಿಯ ಪಾದ್ರಿ ಜಾನ್ ಸ್ಮಿತ್ತರು ಇನ್ನೂ ಹೆಚ್ಚಿನ ಬೆಲೆ ತೆತ್ತರು. ದಕ್ಷಿಣ ಅಮೆರಿಕದ ಡೆಮೆರಾರಾ ವಸಾಹತಿನಲ್ಲಿ ೧೮೨೩ರಲ್ಲಿ ದಾಸರು ದಂಗೆಯೆದ್ದಾಗ ಸೈನಿಕ ನ್ಯಾಯಾಲಯ ಅವರಿಗೆ ಮರಣದಂಡನೆ ವಿಧಿಸಿತು; ೧೮೨೪ರ ಫೆಬ್ರವರಿಯಲ್ಲಿ, ರಾಜನ ಕ್ಷಮಾದಾನ ತಲುಪುವ ಮುನ್ನವೇ, ಅವರು ಸೆರೆಮನೆಯಲ್ಲಿ ತೀರಿಕೊಂಡರು. ಆ ಸಾವು ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಚರ್ಚೆಗೆ ಬಂದಿತು. ದಾಸ್ಯವಿರೋಧಿ ಅಭಿಪ್ರಾಯಕ್ಕೆ ಅದರಿಂದ ದೊರೆತ ಬಲ ಸಾಮಾನ್ಯವಾದುದಲ್ಲ.

ಹಾಪ್ಕಿನ್ಸರು ತಮ್ಮ ಸಭೆಯವರ ಮುನಿಸನ್ನು ಎದುರಿಸಿದರು. ಸ್ಮಿತ್ತರು ಪ್ರಾಣವನ್ನೇ ತೆತ್ತರು. ಮೀಡರು ಏನನ್ನು ಪಣವಾಗಿಟ್ಟರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವರ ಜೀವಿತವನ್ನು ಓದಬೇಕು.

೨

ಮೀಡರು ಮದರಾಸಿನ ಮಾರ್ಗವಾಗಿ ೧೮೧೮ರಲ್ಲಿ ದಕ್ಷಿಣ ತಿರುವಾಂಕೂರನ್ನು ಸೇರಿದರು. ಅವರಿಗಿಂತ ಮೊದಲು ಅಲ್ಲಿ ಏಕಾಕಿಯಾಗಿ ದುಡಿದಿದ್ದ ರಿಂಗಲ್‌ಟೌಬೆ ಎಂಬ ಜರ್ಮನ್ ಪಾದ್ರಿ ೧೮೧೬ರಲ್ಲಿ ಸ್ಥಳ ಬಿಟ್ಟು ಹೋಗಿದ್ದರು. ಮೀಡರು ಮಿಷನ್ನಿನ ಕೇಂದ್ರವನ್ನು ಮೈಲಾಡಿಯಿಂದ ನಾಗರಕೋಯಿಲಿಗೆ ತಂದರು, ಶಾಲೆಯನ್ನು ಬೆಳೆಸಿದರು, ಮುದ್ರಣಾಲಯವನ್ನು ಸ್ಥಾಪಿಸಿದರು. ೧೮೧೯ರಲ್ಲಿ ಚಾರ್ಲ್ಸ್ ಮಾಲ್ಟ್ ಬಂದು ಜೊತೆಗೂಡಿದರು. ೧೮೨೮ರ ಬಳಿಕ ಮೀಡರ ಕೇಂದ್ರ ನೆಯ್ಯೂರು.

ಅವರು ಕಂಡ ಸಮಾಜದ ಸ್ವರೂಪವನ್ನು ಒಂದೇ ಅಂಕಿಯಿಂದ ತಿಳಿಯಬಹುದು. ೧೮೩೬ರ ಜನಗಣತಿಯಲ್ಲಿ ತಿರುವಾಂಕೂರಿನ ಜನಸಂಖ್ಯೆ ೧೨,೮೦,೬೬೮; ಅದರಲ್ಲಿ ದಾಸರೆಂದು ಲೆಕ್ಕ ಹಿಡಿದವರು ೧,೬೪,೮೬೪. ಎಂದರೆ ಸುಮಾರು ಎಂಟು ಜನರಲ್ಲೊಬ್ಬರು. ಪುಲಯರು, ಪರಯರು ಮೊದಲಾದ ಜಾತಿಗಳಲ್ಲಿ ಹುಟ್ಟಿದ ಇವರನ್ನು ಮಾರುತ್ತಿದ್ದರು, ಅಡವಿಡುತ್ತಿದ್ದರು, ಬಾಡಿಗೆಗೆ ಕೊಡುತ್ತಿದ್ದರು. ಖಾಸಗಿ ಒಡೆಯರಷ್ಟೇ ಅಲ್ಲ, ಸರಕಾರವೂ ದಾಸರ ಒಡೆಯನಾಗಿತ್ತು. ಅಮೆರಿಕದ ದಾಸನನ್ನು ಹಡಗಿನಲ್ಲಿ ತಂದರು. ಇಲ್ಲಿಯ ದಾಸನು ತಾನು ಹುಟ್ಟಿದ ಗದ್ದೆಯ ಅಂಚಿನಲ್ಲೇ ದಾಸನಾಗಿದ್ದನು. ಅಲ್ಲಿ ಒಡೆತನಕ್ಕೆ ಕ್ರಯಪತ್ರ ಆಧಾರ. ಇಲ್ಲಿ ಅದರ ಜೊತೆಗೆ ಜಾತಿಯ ಆಧಾರವೂ ಇತ್ತು. ಆದುದರಿಂದ ಇಲ್ಲಿ ಪತ್ರವನ್ನು ಹರಿದು ಹಾಕಿದ ಮಾತ್ರಕ್ಕೆ ಮನುಷ್ಯನು ಬಿಡುಗಡೆ ಹೊಂದುತ್ತಿರಲಿಲ್ಲ.

ಈ ವ್ಯವಸ್ಥೆಯ ಮೇಲೆ ಮಿಷನ್ನಿನ ಮೊದಲ ಏಟು ಬಿದ್ದುದು ಉಪದೇಶದಿಂದಲ್ಲ, ಸೂಜಿದಾರದಿಂದ. ಶ್ರೀಮತಿ ಮಾಲ್ಟರೂ ಶ್ರೀಮತಿ ಮೀಡರೂ ನಡೆಸಿದ ಹೆಣ್ಣುಮಕ್ಕಳ ವಸತಿಶಾಲೆಗಳಲ್ಲಿ ಲೇಸು ಹೆಣೆಯುವ ಕೆಲಸವನ್ನು ಕಲಿಸುತ್ತಿದ್ದರು. ಅಲ್ಲಿ ಕಲಿತವರಲ್ಲಿ ದಾಸ್ಯದಲ್ಲಿ ಹುಟ್ಟಿದ ಹುಡುಗಿಯರೂ ಇದ್ದರು. ಲೇಸು ಮಾರಿ ಬಂದ ಹಣದಿಂದ ಕೆಲವರು ತಮ್ಮ ಬಿಡುಗಡೆಯನ್ನು ತಾವೇ ಕೊಂಡುಕೊಂಡರು. ದಾಸ್ಯವಿಮೋಚನೆಯ ಚರಿತ್ರೆಯನ್ನು ಬರೆಯುವವರು ಘೋಷಣೆಗಳಿಗೂ ಅರ್ಜಿಗಳಿಗೂ ಪುಟಗಟ್ಟಲೆ ಸ್ಥಳ ಕೊಡುತ್ತಾರೆ. ಈ ಹುಡುಗಿಯರಿಗೆ ಒಂದು ಪಂಕ್ತಿ ದೊರೆತರೆ ಹೆಚ್ಚು. ವಸ್ತುತಃ ತಮ್ಮ ದುಡಿಮೆಯ ಬೆಲೆಯನ್ನು ತಾವೇ ಎಣಿಸಿ ತೆಗೆದುಕೊಂಡು, ಆ ಬೆಲೆಯಿಂದಲೇ ಒಡೆಯನ ಹಕ್ಕನ್ನು ತೀರಿಸಿದ ಇವರ ನಡೆ, ಯಾವ ಅರ್ಜಿಗಿಂತಲೂ ನೇರವಾದ ದಾಸ್ಯಖಂಡನೆ ಎಂದು ನನ್ನ ಅಭಿಪ್ರಾಯ.

ಎರಡನೆಯದು ಮೇಲುವಸ್ತ್ರದ ಪ್ರಕರಣ. ಕೆಳಜಾತಿಯ ಹೆಂಗಸರು ಎದೆಯ ಮೇಲೆ ವಸ್ತ್ರ ಹೊದೆಯಬಾರದೆಂಬ ಕಟ್ಟಳೆಯನ್ನು ಕ್ರೈಸ್ತರಾದ ನಾಡಾರ್ ಸ್ತ್ರೀಯರು ಮೀರಿದಾಗ ೧೮೨೨ರಿಂದ ಗಲಭೆಗಳು ಮೊದಲಾದವು. ೧೮೨೭ರ ಅನಂತರ ಅವು ಉಲ್ಬಣಿಸಿ ಪ್ರಾರ್ಥನಾಮಂದಿರಗಳೂ ಶಾಲೆಗಳೂ ಬೆಂಕಿಗೆ ಆಹುತಿಯಾದವು. ಮೀಡರು ಸ್ತ್ರೀಯರ ಪಕ್ಷ ವಹಿಸಿದರು. ೧೮೨೯ರ ರಾಜಘೋಷಣೆ ಸ್ತ್ರೀಯರಿಗೆ ಪ್ರತಿಕೂಲವಾಯಿತು. ೧೮೫೯ರಲ್ಲಿ ಮದರಾಸಿನ ಗವರ್ನರ್ ಟ್ರೆವೆಲಿಯನ್ನರು ಒತ್ತಾಯಿಸಿದ ಮೇಲೆಯೇ ನಾಡಾರ್ ಸ್ತ್ರೀಯರಿಗೆ ಮೈಮುಚ್ಚುವ ಹಕ್ಕು ದೊರೆತುದು.

ಇಷ್ಟಾದರೂ ಮೀಡರ ಕಾರ್ಯ ದೋಷರಹಿತವೆಂದು ಹೇಳಲಾಗದು. ಮಿಷನ್ನು ನೆಲೆಯೂರಿದುದು ರೆಸಿಡೆಂಟ್ ಕರ್ನಲ್ ಮನ್ರೋ ಅವರ ಆಶ್ರಯದಲ್ಲಿ. ರಾಣಿ ಗೌರಿ ಪಾರ್ವತೀ ಬಾಯಿ ಕೊಟ್ಟ ೫,೦೦೦ ರೂಪಾಯಿಗಳಿಂದ ಶಾಲೆಯ ಪೋಷಣೆಗೆಂದು ಭತ್ತದ ಗದ್ದೆಗಳನ್ನು ಕೊಂಡರು. ಆ ಕಾಲದ ನಾಂಜಿಲ್ ನಾಡಿನಲ್ಲಿ ಗದ್ದೆಗೆ ಇಳಿಯುತ್ತಿದ್ದವರು ಯಾರೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಮೀಡರು ಕೆಲಕಾಲ ನಾಗರಕೋಯಿಲಿನ ನ್ಯಾಯಾಧೀಶರೂ ಆಗಿದ್ದರು. ಧರ್ಮಬೋಧಕನು ರಾಜದಂಡವನ್ನು ಹಿಡಿಯುವುದು ಸಲ್ಲದೆಂದು ಲಂಡನ್ನಿನ ನಿರ್ದೇಶಕರು ಆಕ್ಷೇಪಿಸಿದ ಮೇಲೆ ಆ ಹುದ್ದೆಯನ್ನು ಬಿಟ್ಟರು. ಅಧಿಕಾರದ ನೆರಳಿನಲ್ಲಿ ಬೆಳೆದ ಸಂಸ್ಥೆ ಅಧಿಕಾರದಿಂದ ನೊಂದವರ ಪರವಾಗಿ ಮಾತನಾಡಿತೆಂಬ ವೈಷಮ್ಯವನ್ನು ವಿಮರ್ಶಕನು ಮರೆಮಾಚಬಾರದು.

೩

ಇನ್ನು ಶಾಸನದ ವಿಷಯ. ದಾಸ್ಯವನ್ನು ರದ್ದುಪಡಿಸಿದ ೧೮೩೩ರ ಬ್ರಿಟಿಷ್ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳಿಗೆ ಅನ್ವಯಿಸಲಿಲ್ಲ. ವೆಸ್ಟ್ ಇಂಡೀಸ್ ಮೊದಲಾದ ವಸಾಹತುಗಳಲ್ಲಿ ಒಡೆಯರಿಗೆ ಎರಡು ಕೋಟಿ ಪೌಂಡುಗಳ ಪರಿಹಾರವನ್ನು ಗೊತ್ತುಮಾಡಿದರು. ದಾಸರಿಗೆ ಕಾಸೂ ಇಲ್ಲ. ಭಾರತದಲ್ಲಿ ಹತ್ತು ವರ್ಷಗಳ ಅನಂತರ ೧೮೪೩ರ ೫ನೆಯ ಆಕ್ಟು ಬಂದಿತು. ಅದು ದಾಸ್ಯವನ್ನು ನಿಷೇಧಿಸಲಿಲ್ಲ. ನ್ಯಾಯಾಲಯಗಳು ಮನುಷ್ಯನ ಮೇಲಿನ ಒಡೆತನವನ್ನು ಮಾನ್ಯ ಮಾಡಬಾರದೆಂದೂ, ಬಾಕಿವಸೂಲಿಗಾಗಿ ಯಾರನ್ನೂ ದಾಸನೆಂದು ಮಾರಬಾರದೆಂದೂ, ದಾಸನೆಂಬ ಕಾರಣದಿಂದ ಯಾರ ಆಸ್ತಿಯನ್ನೂ ಕಸಿದುಕೊಳ್ಳಬಾರದೆಂದೂ, ಸ್ವತಂತ್ರನಿಗೆ ಮಾಡಿದರೆ ಅಪರಾಧವಾಗುವುದು ದಾಸನಿಗೆ ಮಾಡಿದರೂ ಅಪರಾಧವೆಂದೂ ಹೇಳಿತು. ಒಡೆತನವನ್ನೇ ಅಪರಾಧವನ್ನಾಗಿ ಮಾಡುವುದಕ್ಕೆ ೧೮೬೦ರ ದಂಡಸಂಹಿತೆಯವರೆಗೆ ಕಾಯಬೇಕಾಯಿತು.

ದೇಶೀಯ ಸಂಸ್ಥಾನವಾದ ತಿರುವಾಂಕೂರಿಗೆ ಆ ಆಕ್ಟು ತಾನಾಗಿ ಅನ್ವಯಿಸುತ್ತಿರಲಿಲ್ಲ. ೧೮೪೭ರ ಮಾರ್ಚಿಯಲ್ಲಿ ಲಂಡನ್ ಮಿಷನ್ ಮತ್ತು ಚರ್ಚ್ ಮಿಷನ್‌ಗಳ ಪಾದ್ರಿಗಳು ಒಟ್ಟುಗೂಡಿ ದಾಸ್ಯವನ್ನು ನಿಲ್ಲಿಸಬೇಕೆಂದು ಮಹಾರಾಜರಿಗೆ ಮನವಿಯನ್ನು ಸಲ್ಲಿಸಿದರು. ೧೮೫೩ರ ಘೋಷಣೆ ಸರಕಾರಿ ದಾಸರಿಗೆ ಮುಂದೆ ಹುಟ್ಟುವ ಮಕ್ಕಳನ್ನು ಸ್ವತಂತ್ರರೆಂದು ಸಾರಿತು. ೧೮೫೫ರ ಘೋಷಣೆ ಸರಕಾರಿ ದಾಸರೆಲ್ಲರನ್ನೂ ಬಿಡುಗಡೆ ಮಾಡಿ, ಬ್ರಿಟಿಷ್ ಆಕ್ಟಿನ ಮಾದರಿಯಲ್ಲೇ ಖಾಸಗಿ ದಾಸ್ಯದ ಕಾನೂನುಬಲವನ್ನು ಕಿತ್ತುಹಾಕಿತು.

ಈ ಫಲಕ್ಕೆ ಕಾರಣರು ಯಾರು? ಸಿ. ಎಂ. ಆಗೂರರ ತಿರುವಾಂಕೂರ್ ಕ್ರೈಸ್ತಸಭಾ ಚರಿತ್ರೆ (೧೯೦೩) ಮೊದಲುಗೊಂಡು ಸಭೆಯ ಚರಿತ್ರಕಾರರ ಪರಂಪರೆ ಮಿಷನರಿಗಳನ್ನು ಮುಂದಿಡುತ್ತದೆ. ಕೆ. ಕೆ. ಕುಸುಮನ್ (೧೯೭೩), ರಾಬಿನ್ ಜೆಫ್ರಿ (೧೯೭೬) ಮೊದಲಾದವರ ಗ್ರಂಥಗಳು ಬಂದ ಮೇಲೆ ಸಂಸ್ಥಾನದ ಆಡಳಿತ, ಜಾತಿಗಳ ಬಲಾಬಲ, ಮದರಾಸಿನ ಒತ್ತಡ ಇವೆಲ್ಲವನ್ನೂ ಕೂಡಿಸಿ ನೋಡುವುದು ಸಾಧ್ಯವಾಗಿದೆ. ಮಿಷನರಿಗಳು ತೋಟಗಾರ ಬಿಳಿಯರಿಗೆ ಕೂಲಿಗಳನ್ನು ಒದಗಿಸಲೆಂದೇ ವಿಮೋಚನೆಯನ್ನು ಬಯಸಿದರೆಂಬ ಸಂದೇಹವೂ ಕೇಳಿಬರುವುದುಂಟು. ಕಾಲಾನುಕ್ರಮ ಇದಕ್ಕೆ ಪೋಷಕವಾಗಿಲ್ಲ. ತಿರುವಾಂಕೂರಿನ ಬೆಟ್ಟಗಳಲ್ಲಿ ಬಿಳಿಯರ ತೋಟಗಳು ವ್ಯಾಪಕವಾಗಿ ಹಬ್ಬಿದುದು ೧೮೬೦ರ ದಶಕದಿಂದೀಚೆಗೆ, ಮನವಿ ಸಲ್ಲಿಸಿದುದು ೧೮೪೭ರಲ್ಲಿ. ಮನವಿಯ ಪ್ರಾಮಾಣಿಕತೆಯನ್ನು ಒಪ್ಪುವುದೇ ನ್ಯಾಯ. ಆದರೆ ಪ್ರಾಮಾಣಿಕತೆಗೂ ಒಂದು ಎಲ್ಲೆಯುಂಟು. ಆ ಎಲ್ಲೆ ಎಲ್ಲಿತ್ತೆಂಬುದನ್ನು ಮೀಡರ ಜೀವಿತದ ಉತ್ತರಾರ್ಧ ತೋರಿಸಿಕೊಡುತ್ತದೆ.

೪

೧೮೫೦ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನವು ಜಾತಿಯ ವಿಷಯವಾಗಿ ಒಂದು ಪ್ರಸಿದ್ಧ ನಿರ್ಣಯವನ್ನು ಕೈಕೊಂಡಿತು. ಕ್ರೈಸ್ತನಾಗಬಯಸುವವನು ಜಾತಿಯನ್ನು ತೊರೆದುದಕ್ಕೆ ಸಾಕ್ಷಿಯಾಗಿ, ಕೀಳೆಂದು ಎಣಿಸಲ್ಪಟ್ಟವರು ಬೇಯಿಸಿದ ಅನ್ನವನ್ನು ಉಣ್ಣಲು ಸಿದ್ಧನಿರಬೇಕು. ಇಲ್ಲವಾದರೆ ಅವನನ್ನು ಸಭೆಗೆ ಸೇರಿಸಿಕೊಳ್ಳಲಾಗದು - ಇದು ಅದರ ತಾತ್ಪರ್ಯ. ಲೈಪ್ಸಿಕ್ ಮಿಷನ್ನಿನ ಲೂಥರನ್ನರು ಇದಕ್ಕೆ ಒಪ್ಪಲಿಲ್ಲ. ಉಳಿದ ಪ್ರಾಟೆಸ್ಟಂಟ್ ಮಿಷನ್‌ಗಳು ಒಪ್ಪಿದವು.

ಅದಾಗಿ ಒಂದೆರಡು ವರ್ಷಗಳಲ್ಲೇ, ವಿಧುರರಾಗಿದ್ದ, ಅರವತ್ತರ ಅಂಚಿನಲ್ಲಿದ್ದ ಮೀಡರು, ಪರಯ ಮೂಲದ ಕ್ರೈಸ್ತ ಕುಟುಂಬದ ಲೋಯಿಸ್ ಬಿಡ್ಡಲ್ಫ್ ಎಂಬ ತರುಣಿಯನ್ನು ಮದುವೆಯಾದರು. ಮಿಷನರಿ ವಲಯದಲ್ಲಿ ಕೋಲಾಹಲವೆದ್ದಿತು. ಮೂರು ದಶಕಗಳಿಗೂ ಮಿಕ್ಕಿ ಕಟ್ಟಿ ಬೆಳೆಸಿದ ಮಿಷನ್ನಿನಿಂದ ಮೀಡರು ಹೊರಬರಬೇಕಾಯಿತು. ಬಳಿಕ ಅವರು ತಿರುವಾಂಕೂರು ಸರಕಾರದ ಸೇವೆಗೆ ಸೇರಿ ಶಾಲೆಗಳ ಮೇಲ್ವಿಚಾರಕರಾಗಿ ದುಡಿದು, ೧೮೭೩ರಲ್ಲಿ ತಿರುವನಂತಪುರದಲ್ಲಿ ನಿಧನ ಹೊಂದಿದರು. ದಾಸರನ್ನು ಇಟ್ಟುಕೊಂಡಿದ್ದ ಸಂಸ್ಥಾನ ಅವರಿಗೆ ಆಶ್ರಯ ಕೊಟ್ಟಿತು. ದಾಸ್ಯವನ್ನು ಖಂಡಿಸಿದ ಸಂಸ್ಥೆ ಅವರನ್ನು ತನ್ನೊಳಗೆ ಉಳಿಸಿಕೊಳ್ಳಲಿಲ್ಲ.

ಈ ಪ್ರಸಂಗವನ್ನು ವ್ಯಕ್ತಿಯ ದೌರ್ಬಲ್ಯವೆಂದು ಬದಿಗಿರಿಸುವುದು ಒಂದು ಬಗೆಯ ಓದು. ವಯಸ್ಸಿನ ಅಂತರವೂ, ಮಿಷನ್ನಿನ ಹಿರಿಯನೊಬ್ಬನಿಗೂ ಅದರ ಆಶ್ರಿತ ಸಮುದಾಯದ ತರುಣಿಗೂ ನಡುವಿನ ಅಧಿಕಾರದ ಅಂತರವೂ ವಿಚಾರಾರ್ಹವೇ. ಇಂದಿನ ವಾಚಕನು ಆ ಪ್ರಶ್ನೆಯನ್ನು ಕೇಳದಿರಲಾರನು. ಆದರೆ ಆ ಕಾಲದ ಐರೋಪ್ಯರಲ್ಲಿ ಹೆಂಡತಿ ಸತ್ತ ಮೇಲೆ ತೀರ ಎಳೆಯ ಕನ್ಯೆಯನ್ನು ವರಿಸಿದವರು ಎಷ್ಟೋ ಮಂದಿ. ಅದಕ್ಕಾಗಿ ಹುದ್ದೆಯನ್ನು ಕಳೆದುಕೊಂಡವರು ವಿರಳ. ಇಲ್ಲಿ ಸಹಿಸಲಾಗದೆ ಹೋದುದು ವಧುವಿನ ಹುಟ್ಟು ಎಂದು ತೀರ್ಮಾನಿಸದೆ ಗತ್ಯಂತರವಿಲ್ಲ. ಡಿಕ್ ಕೂಯಿಮನ್ನರು ದಕ್ಷಿಣ ತಿರುವಾಂಕೂರಿನ ಲಂಡನ್ ಮಿಷನ್ನನ್ನು ಕುರಿತು ೧೯೮೯ರಲ್ಲಿ ಬರೆದ ಗ್ರಂಥಕ್ಕೆ ಮತಾಂತರ ಮತ್ತು ಸಾಮಾಜಿಕ ಸಮಾನತೆ ಎಂಬರ್ಥದ ಹೆಸರನ್ನಿಟ್ಟಿರುವುದು ಉಚಿತವಾಗಿದೆ. ಈ ಎರಡು ಪದಗಳ ನಡುವೆ ಎಷ್ಟು ದೂರವಿತ್ತೆಂಬುದಕ್ಕೆ ಮೀಡರ ಮದುವೆಯೇ ಅಳತೆಗೋಲು.

ಹೊಸ ಕ್ರೈಸ್ತನು ಪರಯನ ಕೈಯ ಅನ್ನವನ್ನು ಉಣ್ಣಬೇಕು, ಆದರೆ ಪರಯ ಮೂಲದ ಹೆಣ್ಣು ಪಾದ್ರಿಯ ಮನೆಯ ಒಡತಿಯಾಗಬಾರದು: ಆ ನಿರ್ಣಯದ ಒಳಗೆ ಅಡಗಿದ್ದ ಈ ಎರಡನೆಯ ವಾಕ್ಯವನ್ನು ಯಾರೂ ಬರೆದಿರಲಿಲ್ಲ, ಮೀಡರು ಅದನ್ನು ಎಲ್ಲರಿಗೂ ಕಾಣುವಂತೆ ಮಾಡಿದರು. ಹಾಪ್ಕಿನ್ಸರನ್ನು ಅವರ ಸಭಿಕರ ನಡುವೆಯೂ, ಸ್ಮಿತ್ತರನ್ನು ವಸಾಹತಿನ ನ್ಯಾಯಾಲಯದ ಮುಂದೆಯೂ ಪರೀಕ್ಷಿಸಿದ ಪ್ರಶ್ನೆ ಮೀಡರನ್ನು ಸಹೋದ್ಯೋಗಿಗಳ ನಡುವೆ ಪರೀಕ್ಷಿಸಿತು. ಮುಂದೆ ನಿಂತ ವೈರಿಯನ್ನು ಎದುರಿಸುವುದಕ್ಕಿಂತ, ಪಕ್ಕದಲ್ಲಿ ಕುಳಿತ ಮಿತ್ರನ ಮೌನವನ್ನು ಎದುರಿಸುವುದು ಸುಲಭವಲ್ಲ. ಮೀಡರ ದಾಸ್ಯವಿರೋಧದ ಪೂರ್ಣ ಅರ್ಥ ೧೮೪೭ರ ಮನವಿಯಲ್ಲಿಲ್ಲ, ಈ ಮದುವೆಯಲ್ಲಿದೆ ಎಂದು ನಾನು ವಾದಿಸುವುದು ಇದರಿಂದಲೇ.

೫

ಇದರಲ್ಲಿ ಕನ್ನಡಿಗರಿಗೆ ಏನು ಸಂಬಂಧ ಎಂದು ಕೇಳಬಹುದು. ೧೯೫೬ರ ನವೆಂಬರ್ ೧ರಂದು ನಾಗರಕೋಯಿಲೂ ನೆಯ್ಯೂರೂ ಮದರಾಸು ರಾಜ್ಯಕ್ಕೆ ಬಂದು ಸೇರಿದವು. ಅದೇ ದಿನ ದಕ್ಷಿಣ ಕನ್ನಡ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೂ, ಅದರ ಕಾಸರಗೋಡು ಕೇರಳಕ್ಕೂ ಹೋದವು. ಆ ಮೊದಲು ಒಂದೂವರೆ ಶತಮಾನ ಕಾಲ ದಕ್ಷಿಣ ಕನ್ನಡದ ರೈತನ ಕಂದಾಯದ ಕಾಗದ ಬರುತ್ತಿದ್ದುದು ಈ ಊರಿಗೆ. ಪಶ್ಚಿಮ ಕರಾವಳಿಯ ಭತ್ತದ ಗದ್ದೆಗಳ ದಾಸ್ಯವಾದರೋ ತಿರುವಾಂಕೂರಿನಿಂದ ಮಲಬಾರಿನ ಮೂಲಕ ಕನ್ನಡ ಜಿಲ್ಲೆಯವರೆಗೆ ಒಂದೇ ಸರಪಣಿ. ೧೮೦೧ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಬುಕಾನನ್ನರು ಅದನ್ನು ದಾಖಲಿಸಿದ್ದಾರೆ. ೧೮೧೯ರಲ್ಲಿ ಮದರಾಸಿನ ರೆವಿನ್ಯೂ ಬೋರ್ಡು ಕಲೆಕ್ಟರುಗಳಿಂದ ದಾಸ್ಯದ ವಿಷಯವಾಗಿ ವರದಿಗಳನ್ನು ತರಿಸಿಕೊಂಡಿತು. ೧೯೬೫ರಲ್ಲಿ ಧರ್ಮಾ ಕುಮಾರರು ದಕ್ಷಿಣ ಭಾರತದ ಭೂಮಿ ಮತ್ತು ಜಾತಿಗಳನ್ನು ಕುರಿತ ಗ್ರಂಥದಲ್ಲಿ ಇಂಥ ದಾಖಲೆಗಳ ಮಹತ್ವವನ್ನು ತೋರಿಸಿಕೊಟ್ಟರು.

ದಕ್ಷಿಣ ಕನ್ನಡದ ಹಳೆಯ ದಾಖಲೆಗಳಲ್ಲಿ ಎರಡು ಪದಗಳು ಸಿಗುತ್ತವೆ: ಮೂಲದ ಹೊಲೆಯ, ಸಾಲದ ಹೊಲೆಯ. ಮೊದಲನೆಯವನು ಮೂಲಿದಾರನ ಭೂಮಿಗೆ ವಂಶಪಾರಂಪರ್ಯವಾಗಿ ಅಂಟಿಕೊಂಡವನು. ಎರಡನೆಯವನು ಪಡೆದ ಸಾಲಕ್ಕಾಗಿ ದುಡಿಯುವವನು. ದಸ್ತಾವೇಜುಗಳ ನಡುವೆ ಉದ್ಯೋಗ ಮಾಡುವ ನನ್ನಂಥವನ ಗಮನವನ್ನು ಈ ಎರಡನೆಯ ಪದ ವಿಶೇಷವಾಗಿ ಸೆಳೆಯುತ್ತದೆ. ೧೮೪೩ರ ಆಕ್ಟು ಮನುಷ್ಯನ ಮೇಲಿನ ಒಡೆತನವನ್ನು ಅಮಾನ್ಯ ಮಾಡಿತೇ ಹೊರತು ಸಾಲವನ್ನು ಅಮಾನ್ಯ ಮಾಡಲಿಲ್ಲ. ಒಡೆತನದ ಪತ್ರ ಹೋದ ಕಡೆ ಸಾಲದ ಪತ್ರ ಬಂದು ಕುಳಿತುಕೊಂಡಿತು. ಮದುವೆಗೆಂದು ಕೊಟ್ಟ ಕೆಲವೇ ರೂಪಾಯಿ, ಬಡ್ಡಿಯ ಬದಲಿಗೆ ದುಡಿಮೆ, ದುಡಿದರೂ ತೀರದ ಅಸಲು, ತಂದೆಯ ಬಾಕಿ ಮಗನ ತಲೆಗೆ - ಯಾವ ಬ್ಯಾಂಕಿನ ಲೆಕ್ಕಶಾಸ್ತ್ರದಲ್ಲೂ ಇಲ್ಲದ ಸಾಲವಿದು. ಸಾಮಾನ್ಯವಾಗಿ ಒತ್ತೆಯ ಬೆಲೆ ಸಾಲದ ಭದ್ರತೆಗೆ. ಇಲ್ಲಿ ಸಾಲವೇ ಒತ್ತೆಯಾಳಿನ ಭದ್ರತೆಗೆ. ಶಿವರಾಮ ಕಾರಂತರು 'ಚೋಮನ ದುಡಿ'ಯನ್ನು ಪ್ರಕಟಿಸಿದುದು ೧೯೩೩ರಲ್ಲಿ, ಎಂದರೆ ಆಕ್ಟು ಬಂದ ತೊಂಬತ್ತು ವರ್ಷಗಳ ಅನಂತರ. ಚೋಮನನ್ನು ಕಟ್ಟಿಹಾಕಿದುದು ಒಂದು ಸಾಲ. ಅವನಿಗೆ ದಕ್ಕದೆ ಹೋದುದು ಒಂದು ತುಂಡು ಭೂಮಿ. ಜೀತಪದ್ಧತಿಯನ್ನು ರದ್ದುಗೊಳಿಸಿ ಆ ಸಾಲಗಳನ್ನೂ ಅಳಿಸಿಹಾಕಿದ ಕೇಂದ್ರ ಶಾಸನ ಬಂದುದು ೧೯೭೬ರಲ್ಲಿ. ಒಡೆತನದ ಪತ್ರವನ್ನು ಹರಿಯುವುದಕ್ಕೂ ಸಾಲದ ಪತ್ರವನ್ನು ಹರಿಯುವುದಕ್ಕೂ ನಡುವೆ ಒಂದು ನೂರ ಮೂವತ್ತಮೂರು ವರ್ಷಗಳು ಸಂದವು.

ಇದರ ಅರಿವು ನಮ್ಮ ವಿದ್ವತ್ತಿನಲ್ಲಿ ಮಸುಕಾಗಿರುವುದಕ್ಕೆ ಭಾಷೆಯೂ ಒಂದು ಕಾರಣವಾಗಿರಬಹುದು. ಕನ್ನಡದಲ್ಲಿ 'ದಾಸ' ಎಂಬುದು ಗೌರವದ ಮಾತು. ಹರಿದಾಸರು ಅದನ್ನು ಬಿರುದಾಗಿ ಧರಿಸಿದರು. ಶರಣರು ತಮ್ಮನ್ನು ತೊತ್ತಿನ ಮಕ್ಕಳೆಂದು ಕರೆದುಕೊಂಡು ಹಿಗ್ಗಿದರು. ತೊತ್ತಿನ ಹೆಸರನ್ನು ತಾನಾಗಿ ಹೊತ್ತುಕೊಳ್ಳುವುದು ಮಹತ್ತಾದ ವಿನಯ, ಸಂದೇಹವಿಲ್ಲ. ಆದರೆ ದೇವರ ದಾಸನಿಗೆ ಇಷ್ಟು ಎತ್ತರದ ಪೀಠ ದೊರೆತ ಭಾಷೆಯಲ್ಲಿ, ಗದ್ದೆಯ ದಾಸನಿಗೆ ತನ್ನ ಸ್ಥಿತಿಯನ್ನು ಹೇಳಿಕೊಳ್ಳಲು ಆಳು, ಜೀತಗಾರ, ಮೂಲದವನು ಎಂಬ ತಗ್ಗಿದ ಮಾತುಗಳೇ ಉಳಿದವು; ಗುಲಾಮ ಎಂಬುದನ್ನು ಹೊರಗಿನಿಂದ ಎರವಲು ತರಬೇಕಾಯಿತು.

ಹ್ಯಾಂಡ್ಸರೂ ರೀವರೂ ಮೀಡರಂತೆ ಏಕೆ ಆಗಲಿಲ್ಲವೆಂದು ಕೇಳುವುದು ಅನ್ಯಾಯ. ಬಳ್ಳಾರಿಯ ಒಣಬೇಸಾಯದ ಸಮಾಜ ಬೇರೆ, ನಾಂಜಿಲ್ ನಾಡಿನ ಗದ್ದೆಯ ಸಮಾಜ ಬೇರೆ. ಕನ್ನಡ ಕರಾವಳಿ ೧೮೩೪ರಿಂದ ಬಾಸೆಲ್ ಮಿಷನ್ನಿನ ಕ್ಷೇತ್ರವಾಯಿತು. ಕೇಳಬೇಕಾದ ಪ್ರಶ್ನೆ ನಮ್ಮನ್ನು ಕುರಿತದ್ದು. ಪಾದ್ರಿಗಳ ನಿಘಂಟುಗಳನ್ನು ಕನ್ನಡ ವಿದ್ವತ್ತು ಅಕ್ಕರೆಯಿಂದ ಕಾಪಾಡಿಕೊಂಡಿತು. ಆ ನಿಘಂಟುಗಳ ಕಾಲದಲ್ಲೇ ಕನ್ನಡ ಜಿಲ್ಲೆಯ ದಾಸರನ್ನು ಕುರಿತು ಬರೆದ ವರದಿಗಳು ಎಗ್ಮೋರಿನ ದಾಖಲೆ ಭಂಡಾರದಲ್ಲಿ, ರೆವಿನ್ಯೂ ಬೋರ್ಡಿನ ಕಡತಗಳ ನಡುವೆ ಇವೆ. ನಮ್ಮ ನಮ್ಮ ಮನೆತನಗಳ ಮೂಲಿ, ವರ್ಗ, ಉಂಬಳಿಗಳ ಕಥೆಯನ್ನು ಅಭಿಮಾನದಿಂದ ಹೇಳಿಕೊಳ್ಳುವ ನಾವು, ಆ ಭೂಮಿಯನ್ನು ಉತ್ತವರು ಯಾವ ಪತ್ರದ ಬಲದಿಂದ ಅಲ್ಲಿ ನಿಂತಿದ್ದರ‍ೆಂದು ವಿಚಾರಿಸಿದ್ದು ಅಪರೂಪ. ಅನ್ಯರ ದಾಸ್ಯವನ್ನು ಖಂಡಿಸುವ ಮನವಿಗೆ ಸಹಿ ಹಾಕುವುದು ಕಷ್ಟವಲ್ಲ. ಮೀಡರ ಜೀವಿತ ಕಲಿಸುವುದು ಅದರ ಮುಂದಿನ ಪಾಠವನ್ನು. ಮದರಾಸಿನಲ್ಲಿ ನೆಲೆಸಿದ ಕನ್ನಡಿಗನಿಗೆ ಆ ಕಡತಗಳು ಒಂದು ಬಸ್ಸಿನ ದಾರಿ. ಅವುಗಳನ್ನು ಓದಿ ಮೂಲದವರ ಮತ್ತು ಸಾಲದವರ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವ ಹೊಣೆಯನ್ನು, ಇಲ್ಲಿಯ ಕನ್ನಡಿಗರಲ್ಲದೆ ಬೇರೆ ಯಾರು ಹೊರಬೇಕು?